ವಿಹಾನ್ ಪಕ್ಕದಲ್ಲಿ ಯಾರ ಹೆಸರು?

ಕೊಡಗಿನ ಶಾಲೆಯಲ್ಲಿ ಹಾಜರಿ ಕರೆಯುವವರಿಗೆ ಮಕ್ಕಳ ಹೆಸರಿನ ನಡುವಿನ ಭಾಗ ಎಷ್ಟು ಮುಖ್ಯ ಅಂತ ಬೇಗ ಗೊತ್ತಾಗುತ್ತದೆ. ಈಗಿನ ಒಂದನೇ ತರಗತಿಯಲ್ಲಿ ಆರ್ಯನ್ ಅಂತ ಕೂಗಿದರೆ ಎರಡು ಮೂರು ಕಡೆಯಿಂದ 'ಎಸ್ ಮಿಸ್' ಬರುತ್ತದೆ. ಮುಂದಿನ ಹೆಸರು ಸೇರಿಸಿ ಕೂಗಿದಾಗಲೇ ಒಂದು ದನಿ ಉಳಿಯೋದು. ಆ ಮುಂದಿನ ಹೆಸರು ಸಾಮಾನ್ಯವಾಗಿ ಅಪ್ಪನದ್ದೋ ಅಜ್ಜನದ್ದೋ ಆಗಿರುತ್ತದೆ.

ಟೀಚರ್ ಅನ್ನೋ ಕಾರಣಕ್ಕೆ ಹೆಸರಿನ ವಿಷಯ ನನ್ನ ಹತ್ತಿರ ಬರುತ್ತಲೇ ಇರುತ್ತದೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಸಿಕ್ಕವರು ಕೇಳುತ್ತಾರೆ. ಮೊದಲೆಲ್ಲ 'ಯಾವ ಅಕ್ಷರದಿಂದ ಇಡಬೇಕು' ಅಂತ ಕೇಳುತ್ತಿದ್ದರು. ಈಗ ಮೊದಲ ಹೆಸರು ಫೋನಿನಲ್ಲಿ ನೋಡಿ ಆಗಲೇ ಗಟ್ಟಿಯಾಗಿರುತ್ತದೆ. 'ಇದಕ್ಕೆ ಹೊಂದೋ ಹಾಗೆ ಒಂದು ಮಿಡಲ್ ನೇಮ್ ಹೇಳಿ ಮಿಸ್' ಅಂತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಹೆಸರು ಅಪ್ಪ ಅಮ್ಮನ ಇಷ್ಟ. ಎಷ್ಟು ಹೊಸದಿದ್ದರೂ ಪರವಾಗಿಲ್ಲ. ನಡುವಿನ ಹೆಸರನ್ನು ಮಾತ್ರ ಪಟ್ಟಿ ನೋಡಿ ಆರಿಸಬೇಡಿ. ಅದು ಬದುಕಿ ಬಾಳಿದ ಒಬ್ಬ ಮನುಷ್ಯನ ಹೆಸರಾಗಿರಲಿ. ಹುಡುಗ ದೊಡ್ಡವನಾಗಿ 'ಇವರು ಯಾರು?' ಅಂತ ಕೇಳಿದರೆ ಮನೆಯಲ್ಲಿ ಒಬ್ಬರಾದರೂ ಕೂತು ಹೇಳುವಂತಿರಲಿ.

ಇದು ನಾನು ಹೊಸದಾಗಿ ಕಂಡುಕೊಂಡ ವಿಷಯ ಏನಲ್ಲ. ಕೊಡಗಿನಲ್ಲಿ ಹೆಸರು ಕಟ್ಟಿಕೊಂಡು ಬಂದಿರುವ ರೀತಿಯೇ ಹಾಗಿದೆ. ಕೊಡವರ ಹಳೆಯ ಹೆಸರುಗಳನ್ನು ನೋಡಿ. ಮೊದಲು ಒಕ್ಕದ, ಅಂದರೆ ಮನೆತನದ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ತನ್ನದು. ಕೊಡಂದೇರ ಮಾದಪ್ಪ ಕಾರ್ಯಪ್ಪ. 1899ರಲ್ಲಿ ನಮ್ಮ ಶನಿವಾರಸಂತೆಯಲ್ಲಿ ಹುಟ್ಟಿ, 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು. ಅವರ ತಂದೆ ಮಾದಪ್ಪ. 1957ರಲ್ಲಿ ಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರೂ ಅದೇ ಕೊಡಂದೇರ ಒಕ್ಕದವರು. ಅವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಒಬ್ಬರು ಕೆ.ಎಂ., ಇನ್ನೊಬ್ಬರು ಕೆ.ಎಸ್. ಮೊದಲ ಅಕ್ಷರ ಇಬ್ಬರಿಗೂ ಒಂದೇ, ಅದು ಮನೆತನದ್ದು. ಇವರು ಬೇರೆ, ಅವರು ಬೇರೆ ಅಂತ ತಿಳಿಯೋದು ಆಮೇಲಿನ ಹೆಸರುಗಳಿಂದ.

ಕೊಡವ ಹಾಕಿ ಹಬ್ಬ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರು ಮಾಡಿದ ಹಬ್ಬ ಅದು. ಅಲ್ಲಿ ಒಂದೊಂದು ಒಕ್ಕವೇ ಒಂದೊಂದು ತಂಡ. ಹನ್ನೊಂದು ಜನರಿಗೂ ಒಕ್ಕದ ಹೆಸರು ಒಂದೇ. ಗೋಲು ಹೊಡೆದವನು ಯಾರು ಅಂತ ಪಕ್ಕದವರು ಕೇಳಿದರೆ ಅವನ ಹೆಸರಿನ ಜೊತೆ ಅಪ್ಪನ ಹೆಸರೂ ಸೇರಿಸಿಯೇ ಉತ್ತರ ಕೊಡಬೇಕು.

ಬೇರೆಯವರಲ್ಲೂ ಇಂಥದೇ ಏನೋ ಒಂದು ಇದೆ. 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಬ್ರಿಟಿಷರು ನೇಣಿಗೆ ಹಾಕಿದ ಅಪ್ಪಯ್ಯ ಗೌಡರನ್ನು ಇವತ್ತಿಗೂ ಯಾರೂ ಬರೀ ಅಪ್ಪಯ್ಯ ಗೌಡ ಅನ್ನಲ್ಲ. ಗುಡ್ಡೆಮನೆ ಅಪ್ಪಯ್ಯ ಗೌಡ ಅಂತಲೇ ಹೇಳುವುದು. ಹಾಕಿ ಆಡಿದ ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಹೆಸರಿನಲ್ಲಿ ಮೊದಲು ಊರು, ನಡುವೆ ತಂದೆ ವಿಠ್ಠಲಾಚಾರ್ಯ, ಕೊನೆಗೆ ಸುನಿಲ್. ಮನೆಯೋ ಊರೋ ಒಕ್ಕವೋ, ಮುಂದೆ ಇರುವುದು ಬೇರೆ ಬೇರೆ. ನಡುವೆ ಮಾತ್ರ ಒಬ್ಬ ಮನುಷ್ಯ ಇರುತ್ತಾನೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಒಬ್ಬ ಹೆಣ್ಣುಮಗಳದ್ದು. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ, ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಹೆಣ್ಣು ಅನ್ನೋ ಕಾರಣಕ್ಕೆ ಬಡ್ತಿ ತಪ್ಪಿಸಿದರು ಅಂತ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ತೀರ್ಪು ಬಂತು. ಆ ತೀರ್ಪನ್ನು ಕಾನೂನು ಓದುವ ಮಕ್ಕಳು ಈಗಲೂ ಸಿ.ಬಿ. ಮುತ್ತಮ್ಮ ಕೇಸು ಅಂತಲೇ ಓದುತ್ತಾರೆ. ಮಗಳನ್ನು ದೊಡ್ಡವಳಾಗಿ ನೋಡದೇ ಹೋದ ಅಪ್ಪನ ಅಕ್ಷರ ಆ ಕೇಸಿನ ಹೆಸರಿನಲ್ಲೇ ಇದೆ. ನಡುವಿನ ಹೆಸರಿನಿಂದ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಈಗಿನ ರೂಢಿ ಸ್ವಲ್ಪ ತಿರುಗಿದೆ. ಮಗುವಿನ ಸ್ವಂತ ಹೆಸರು ಮುಂದೆ ಬಂದಿದೆ, ಹಿರಿಯರ ಹೆಸರು ಅದರ ಹಿಂದೆ ನಿಂತಿದೆ. ಟೆನಿಸ್‌ನ ಮಚ್ಚಂಡ ರೋಹನ್ ಬೋಪಣ್ಣ. ಹಾಕಿಯ ಅರ್ಜುನ್ ಹಾಲಪ್ಪ. ಕ್ರಿಕೆಟ್‌ನ ರಾಬಿನ್ ಉತ್ತಪ್ಪ, ಅವರ ಪೂರ್ತಿ ಹೆಸರಿನ ನಡುವೆ ತಂದೆ ವೇಣು ಇದ್ದಾರೆ. ಹಗುರವಾದ ಹೊಸ ಹೆಸರಿನ ಪಕ್ಕದಲ್ಲಿ ಒತ್ತಕ್ಷರ ತುಂಬಿದ ಹಳೆಯ ಹೆಸರು. ಕೆಲವರಿಗೆ ಇದು ಸರಿ ಕಾಣಲ್ಲ. ನನಗೆ ಮಾತ್ರ ಕೊಡಗಿನ ಹೆಸರುಗಳಲ್ಲಿ ಇದೇ ತುಂಬಾ ಚೆಂದ. 2024ರ ಜನವರಿಯಲ್ಲಿ 43ನೇ ವಯಸ್ಸಿನಲ್ಲಿ ರೋಹನ್ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಆವತ್ತು ಮೆಲ್ಬರ್ನಿನ ಮೈದಾನದಲ್ಲಿ ಮೊಳಗಿದ್ದು ಬೋಪಣ್ಣ ಅನ್ನೋ ಹೆಸರು. ಅದು ನಮ್ಮ ಊರಿನ ಯಾವ ಅಜ್ಜನ ಹೆಸರಾದರೂ ಆಗಬಹುದಿತ್ತು.

ಈ ಮಾತೆಲ್ಲ ಈಗ ಬರೆಯೋಕೆ ಕಾರಣ ನನ್ನ ತಮ್ಮನ ಮಗ. ಮಳೆಗಾಲದಲ್ಲಿ ಹುಟ್ಟಿದ. ಕೊಡವರ ಮನೆಯಲ್ಲಾದರೆ ಗಂಡು ಮಗು ಹುಟ್ಟಿದ ಕೂಡಲೇ ಒಂದು ಗುಂಡು ಹಾರಿಸುವ ಪದ್ಧತಿ ಇದೆ. ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಬಾಣ ಮಾಡಿ ಮಗುವಿನ ಕೈಗೆ ಮುಟ್ಟಿಸುತ್ತಾರೆ. ನಾವು ಶನಿವಾರಸಂತೆ ಕಡೆಯವರು, ಕನ್ನಡದ ಮನೆ. ನಮ್ಮಲ್ಲಿ ಅದೆಲ್ಲ ಇಲ್ಲ. ತೊಟ್ಟಿಲು ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದಷ್ಟೇ. ವಿಹಾನ್ ಅಂತ ತಮ್ಮನ ಹೆಂಡತಿ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಕೊನೆಯಲ್ಲಿ ತಮ್ಮನ ಹೆಸರು, ಗಿರೀಶ್. ನಡುವೆ ಯಾರು ಅನ್ನೋದೇ ಪ್ರಶ್ನೆ.

ಮೊದಲು ಎಲ್ಲರ ಬಾಯಿಗೂ ಬಂದದ್ದು ನಮ್ಮ ಅಪ್ಪನ ಹೆಸರು, ನಂಜಪ್ಪ. ನಾನು ಹಾಜರಿ ಕರೆಯುವ ದನಿಯಲ್ಲೇ ಕೂಗಿ ನೋಡಿದೆ. ವಿಹಾನ್ ನಂಜಪ್ಪ. ಎರಡು ನಕಾರ ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಬೇಗ ಹೇಳಿದರೆ 'ವಿಹಾನಂಜಪ್ಪ' ಅಂತ ಒಂದೇ ಪದ ಕೇಳಿಸುತ್ತದೆ. ಮೊದಲ ಹೆಸರು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಅಂತ ಗೊತ್ತಾಗಲ್ಲ. ಸ್ವರದಿಂದ ಶುರುವಾಗುವ ಹೆಸರಿಟ್ಟರೂ ಇದೇ ಕಷ್ಟ. ವಿಹಾನ್ ಆನಂದ್ ಅಂದರೆ 'ವಿಹಾನಾನಂದ್' ಆಗುತ್ತದೆ, ಯಾರೋ ಸ್ವಾಮಿಗಳ ಹೆಸರಿನ ಹಾಗೆ. ಕನ್ನಡದ ಬಾಯಿ ಹಾಗೇ ತಾನೇ, ಎರಡು ಪದ ಹತ್ತಿರ ಬಂದರೆ ಸಂಧಿ ಮಾಡಿಯೇ ಬಿಡುತ್ತದೆ.

ಅದಕ್ಕೇ ನಾನು ಹೇಳೋದು, ಹೆಸರನ್ನು ಕಾಗದದ ಮೇಲೆ ಬರೆದು ನೋಡಿದರೆ ಸಾಲದು. ಜಗುಲಿಯಲ್ಲಿ ನಿಂತು ಕೂಗಿ ನೋಡಬೇಕು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ ತೋಟದಲ್ಲಿ ಇರುವ ಹುಡುಗನಿಗೆ ಕೇಳಿಸುತ್ತದಾ? ಗಟ್ಟಿ ಅಕ್ಷರದಿಂದ ಶುರುವಾಗುವ ಹೆಸರು ಮಳೆಯಲ್ಲೂ ಕೇಳಿಸುತ್ತದೆ. ಮೊದಲ ಹೆಸರು ಎರಡು ಅಕ್ಷರದ್ದಾದರೆ ನಡುವಿನದು ಮೂರೋ ನಾಲ್ಕೋ ಇರಲಿ. ಮೊದಲನೆಯದೇ ಉದ್ದವಿದ್ದರೆ ನಡುವೆ ಚಿಕ್ಕದು ಸಾಕು. ಅನಿರುದ್ಧ್ ಕುಶಾಲಪ್ಪ ಅಂತ ಪೂರ್ತಿ ಕರೆಯುವ ಹೊತ್ತಿಗೆ ಹುಡುಗ ಗೇಟು ದಾಟಿರುತ್ತಾನೆ. ಎರಡೂ ಹೆಸರು ಒಂದೇ ಪ್ರಾಸದಲ್ಲಿ ಮುಗಿಯುವುದೂ ನನಗೆ ಹಿಡಿಸಲ್ಲ. ಕೇಳೋಕೆ ಪದ್ಯದ ಹಾಗಿರುತ್ತದೆ, ಒಂದಿಷ್ಟು ದಿನಕ್ಕೆ ಸಾಕಾಗುತ್ತದೆ. ಇನಿಷಿಯಲ್ ಬರೆದಾಗ ಏನು ಪದ ಆಗುತ್ತದೆ ಅಂತಲೂ ಒಮ್ಮೆ ನೋಡಿಬಿಡಿ. ಮಕ್ಕಳು ಅದನ್ನು ಹಿಡಿದು ವರ್ಷಗಟ್ಟಲೆ ಒಬ್ಬನನ್ನು ರೇಗಿಸುವುದನ್ನು ನಾನು ಕಂಡಿದ್ದೇನೆ. ಆ ಹುಡುಗನ ಮುಖ ನೋಡೋಕೆ ಆಗಲ್ಲ.

ಅಪ್ಪನ ಹೆಸರು ಬೇಡ ಅನ್ನೋಕೆ ನಕಾರ ಒಂದೇ ಕಾರಣ ಅಲ್ಲ. ನಮ್ಮ ಮನೆಯಲ್ಲಿ ಬದುಕಿರುವ ಹಿರಿಯರ ಹೆಸರು ಮಗುವಿಗೆ ಇಡುವ ರೂಢಿ ಇಲ್ಲ. ಜೊತೆಗೆ ಇನ್ನೊಂದು ವಿಷಯ ಇದೆ, ಈಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಹಿಂದೆ ಸೊಸೆಯಾದವಳು ಮಾವನ ಹೆಸರು ಬಾಯಲ್ಲಿ ಹೇಳುತ್ತಿರಲಿಲ್ಲ. ಮಗನಿಗೆ ಅದೇ ಹೆಸರಿಟ್ಟರೆ ಅವಳು ಅವನನ್ನು ಕರೆಯೋದು ಹೇಗೆ, ಗದರಿಸೋದು ಹೇಗೆ? ಹಾಗಾಗಿ ಮನೆಯಲ್ಲಿ ಬೇರೆ ಹೆಸರು ಹುಟ್ಟಿಕೊಳ್ಳುತ್ತಿತ್ತು. ನಮ್ಮಜ್ಜಿ ತನ್ನ ದೊಡ್ಡ ಮಗನನ್ನು ಕೊನೆಯವರೆಗೂ 'ಪುಟ್ಟು' ಅಂತಲೇ ಕರೆದರು. ಶಾಲೆಯ ದಾಖಲೆಯಲ್ಲಿದ್ದ ಹೆಸರು ಅವರ ಮಾವನದ್ದು. ಕಾರ್ಯಪ್ಪನವರನ್ನೂ ಚಿಕ್ಕಂದಿನಲ್ಲಿ ಮನೆಯವರು ಚಿಮ್ಮ ಅಂತ ಕರೆಯುತ್ತಿದ್ದರಂತೆ. ಈಗಿನ ಮೂರು ಹೆಸರಿನ ಪದ್ಧತಿಯಲ್ಲಿ ಈ ತೊಂದರೆ ತಾನಾಗಿಯೇ ಹೋಯಿತು. ಕರೆಯೋಕೆ ಮೊದಲ ಹೆಸರು ಇದೆ. ಬೈಯೋಕೂ ಅದೇ. ಹಿರಿಯರ ಹೆಸರು ನಡುವೆ ಮರ್ಯಾದೆಯಿಂದ ಇರುತ್ತದೆ.

ಮಗುವಿನ ಅಮ್ಮನ ಅಪ್ಪನ ಹೆಸರು ತಮ್ಮಯ್ಯ. ಸುಂಟಿಕೊಪ್ಪದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಮೊಮ್ಮಗನನ್ನು ನೋಡೋ ಮೊದಲೇ ಹೋಗಿಬಿಟ್ಟರು. ತೋಟದ ರೈಟರ್ ಕೆಲಸ ಏನು ಅಂತ ಹೊರಗಿನವರಿಗೆ ಗೊತ್ತಿರಲ್ಲ. ಬೆಳಿಗ್ಗೆ ಕೆಲಸಕ್ಕೆ ಬಂದವರ ಹಾಜರಿಯನ್ನು ಚೆಕ್‌ರೋಲಿನಲ್ಲಿ ಗುರುತು ಮಾಡಬೇಕು. ಯಾರು ಯಾವ ಬ್ಲಾಕಿಗೆ ಹೋದರು ಅಂತ ಬರೆಯಬೇಕು. ಕುಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ಚೀಲ ತೂಗಿದ ಹಾಗೆ ಆಯಾ ಹೆಸರಿನ ಮುಂದೆ ಕೆಜಿ ಹಾಕಬೇಕು. ಬಟವಾಡೆ ದಿನ ಆ ಲೆಕ್ಕದ ಪ್ರಕಾರವೇ ದುಡ್ಡು. ಅವರ ಹಳೆಯ ಪುಸ್ತಕವೊಂದು ಮನೆಯಲ್ಲಿ ಉಳಿದಿತ್ತು. ತಮ್ಮನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ನೋಡೋಕೆ ಹೋದವಳು ಅದನ್ನು ಬಿಡಿಸಿ ನೋಡಿದೆ. ನೀಲಿ ಶಾಯಿಯಲ್ಲಿ ಗುಂಡಗಿನ ಅಕ್ಷರ. ಅಂಚು ಗೆದ್ದಲು ತಿಂದಿದೆ. ಒಂದು ಪುಟದಲ್ಲಿ ನಾಲ್ಕು ಜನ ಮಣಿ. ಪ್ರತಿಯೊಬ್ಬರ ಪಕ್ಕದಲ್ಲೂ ಇನ್ನೊಂದು ಹೆಸರು ಚಿಕ್ಕದಾಗಿ ಬರೆದಿದ್ದಾರೆ. ಮಣಿ, ಕರಿಯನ ಮಗ. ಮಣಿ, ಚೌಡನ ಮಗ. ಮಣಿ, ಪಳನಿಯ ಮಗ. ನಾಲ್ಕನೆಯದು ಮಣಿ, ಜಾನಕಿಯ ಮಗ.

ನಾನು ಆ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ಕೂತೆ. ತಮ್ಮಯ್ಯನವರ ಹೆಂಡತಿ ಒಳಗಿನಿಂದ ಬಂದವರು ನೋಡಿ ಹೇಳಿದರು. 'ಅವನು ಅವ್ವನ ಹೆಸರೇ ಬರೀರಿ ಅಂತ ಹೇಳಿದ್ನಂತೆ ಕಣಮ್ಮ. ಇವರು ಹಾಗೇ ಬರೆದ್ರು. ಹೆಸರು ತಪ್ಪಿದ್ರೆ ಕೂಲಿ ತಪ್ಪುತ್ತೆ ಅಂತ ಇವರ ಮಾತು.' ಅಷ್ಟು ಜನರ ಹೆಸರಿನ ಪಕ್ಕ ಅವರವರ ಹಿರಿಯರನ್ನು ಬರೆದಿಟ್ಟ ಮನುಷ್ಯನ ಹೆಸರು ತನ್ನ ಮೊಮ್ಮಗನ ಪಕ್ಕ ಬರದಿದ್ದರೆ ಹೇಗೆ ಅಂತ ಆವತ್ತೇ ಅನ್ನಿಸಿತು. ಊರಿಗೆ ಬಂದ ಮೇಲೆ ತಮ್ಮನಿಗೆ ಹೇಳಿದೆ.

ವಿಹಾನ್ ತಮ್ಮಯ್ಯ. ಹೇಳಿ ನೋಡಿ. ನಕಾರ ಮತ್ತು ತಕಾರ ಒಂದೇ ವರ್ಗದ ಅಕ್ಷರಗಳು. ನಾಲಿಗೆ ಹಲ್ಲಿನ ಹಿಂದಿನಿಂದ ಕದಲುವುದೇ ಬೇಡ. ಆದರೂ ಎರಡು ಹೆಸರು ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಮುಂದೆ ಗಿರೀಶ್ ಸೇರಿದರೂ ಎಲ್ಲೂ ಎಡವಲ್ಲ.

ಮನೆಯಲ್ಲಿ ಎಲ್ಲರೂ ಒಪ್ಪಲಿಲ್ಲ. 'ಹೆಣ್ಣಿನ ಕಡೆಯವರ ಹೆಸರು ನಮ್ಮ ಹುಡುಗನಿಗೆ ಯಾಕೆ?' ಅಂತ ಚಿಕ್ಕಪ್ಪ ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ರೂಢಿ ಇತ್ತು. ನಾನು ಹೇಳಿದ್ದು ಇಷ್ಟೇ. ಅಪ್ಪನ ಕಡೆಯದು ಕೊನೆಯಲ್ಲಿ ಇದ್ದೇ ಇದೆಯಲ್ಲ, ಗಿರೀಶ್ ಅಂತ. ಒಕ್ಕದ ಹೆಸರು, ಮನೆ ಹೆಸರು ಇರುವವರಿಗಂತೂ ಅಪ್ಪನ ಕಡೆಯ ಇಡೀ ಮನೆತನವೇ ಮುಂದೆ ನಿಂತಿರುತ್ತದೆ. ಅಮ್ಮನ ಕಡೆಯವರಿಗೆ ಇರುವುದು ನಡುವಿನ ಜಾಗ ಒಂದೇ. ಅದನ್ನೂ ನಾವೇ ತೆಗೆದುಕೊಂಡರೆ ಆ ಮಗುವಿನ ಅರ್ಧ ರಕ್ತ ಎಲ್ಲೂ ಬರೆಯದೇ ಹೋಗುತ್ತದೆ.

ಅಪ್ಪ ಆವರೆಗೂ ಸುಮ್ನೆ ಕೂತಿದ್ದರು. ಆಮೇಲೆ ಹೇಳಿದರು. 'ನಾನು ಇದ್ದೀನಿ. ಮಗು ನನ್ನ ನೋಡ್ತಾನೆ, ತೊಡೆ ಮೇಲೆ ಕೂತ್ಕೋತಾನೆ. ಅವರನ್ನ ನೋಡೋಕಾಗಲ್ವಲ್ಲ. ಅವರ ಹೆಸರೇ ಇಡಿ.' ಚಿಕ್ಕಪ್ಪ ಮತ್ತೆ ಮಾತಾಡಲಿಲ್ಲ. ತಮ್ಮನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

ಇನ್ನು ಕಾಗದದ ವಿಷಯ. ಇದನ್ನು ಕಾಳಜಿಯಿಂದ ಹೇಳುತ್ತೇನೆ, ಯಾಕೆಂದರೆ ಹತ್ತನೇ ತರಗತಿಯ ಅರ್ಜಿ ತುಂಬುವಾಗ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆದರೆ ಹೆಸರು ಆಗಲೇ ಕೊಡಬೇಕು ಅಂತೇನಿಲ್ಲ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ತಡವಾದದ್ದಕ್ಕೆ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಅವಸರದಲ್ಲಿ ಬಾಯಿಗೆ ಬಂದ ಹೆಸರು ಹೇಳಬೇಡಿ. ಮನೆಗೆ ಬಂದು ಹಿರಿಯರ ಜೊತೆ ಕೂತು ತೀರ್ಮಾನ ಮಾಡಿ. ಜನನ ಮರಣ ನೋಂದಣಿ ಕಾಯ್ದೆಗೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಶಾಲೆಗೆ ಸೇರೋದು, ಆಧಾರ್, ಪಾಸ್‌ಪೋರ್ಟ್, ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ಅಲ್ಲಿ ಪೂರ್ತಿ ಹೆಸರು ಬರೆಸಿ. ಇನಿಷಿಯಲ್ ಬೇಡವೇ ಬೇಡ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಒಪ್ಪಲ್ಲ, ಬಿಡಿಸಿ ಬರೆಯಿರಿ ಅಂತಾರೆ. ನಮ್ಮ ಪಾಸ್‌ಪೋರ್ಟಿನಲ್ಲಿ ಮಿಡಲ್ ನೇಮ್ ಅಂತ ಬೇರೆ ಜಾಗವೇ ಇಲ್ಲ. ಸರ್‌ನೇಮ್ ಒಂದು, ಗಿವನ್ ನೇಮ್ ಒಂದು, ಎರಡೇ. ನಡುವಿನ ಹೆಸರು ಮೊದಲ ಹೆಸರಿನ ಜೊತೆಗೇ ಹೋಗುತ್ತದೆ. ಒಂದೇ ಹೆಸರಿಟ್ಟು ಸುಮ್ಮನಾಗುವುದೂ ಈಗ ಕಷ್ಟ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡಲ್ಲ ಅಂತ ಯುಎಇಯವರು 2022ರ ನವೆಂಬರ್‌ನಲ್ಲಿ ಹೇಳಿದಾಗ ಗಲ್ಫ್‌ಗೆ ಹೋಗುವವರಿರುವ ಎಷ್ಟೋ ಮನೆಗಳಿಗೆ ತಲೆಬಿಸಿಯಾಗಿತ್ತು.

ಕನ್ನಡದಲ್ಲಿ ತಮ್ಮಯ್ಯ ಅಂತ ಬರೆಯೋಕೆ ಯಾರಿಗೂ ಗೊಂದಲ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಮನೆಯವರೆಲ್ಲ ಒಂದೊಂದು ಹೇಳಿದರು. ಟಿ ಆದ ಮೇಲೆ ಎಚ್ ಬೇಕಾ? ಎಂ ಒಂದೋ ಎರಡೋ? ಕೊನೆಗೆ ಡಬಲ್ ವೈ ಹಾಕಬೇಕಾ, ಎ ಐ ಎ ಎಚ್ ಸಾಕಾ? ಕೊಡಗಿನ ಹೆಸರುಗಳಿಗೆ ಇದು ಮೊದಲಿನಿಂದಲೂ ಇರುವ ಗೋಳು. ಒಬ್ಬರೇ ಅಜ್ಜನ ಮೊಮ್ಮಕ್ಕಳು ಅವರ ಹೆಸರನ್ನು ಮೂರು ಥರ ಬರೆಯುವುದನ್ನು ನನ್ನ ರಿಜಿಸ್ಟರಿನಲ್ಲೇ ನೋಡಿದ್ದೇನೆ. ತಮ್ಮಯ್ಯನವರ ಪಿಎಫ್ ಕಾಗದದಲ್ಲಿ ಹೇಗಿದೆಯೋ ಹಾಗೇ ಬರೆಯೋದು ಅಂತ ತೀರ್ಮಾನವಾಯಿತು. ಎಚ್ ಇದೆ, ಎಂ ಎರಡು, ಡಬಲ್ ವೈ ಇಲ್ಲ.

ಅರ್ಜಿ ಕೊಟ್ಟು ಬಂದ ಸಂಜೆ ತಮ್ಮನ ಹೆಂಡತಿ ನನ್ನ ಹತ್ತಿರ ಕೂತು ಕೇಳಿದಳು. 'ಅಕ್ಕ, ಮುಂದೆ ಹೆಣ್ಣು ಮಗು ಆದರೆ ನಡುವೆ ಅಜ್ಜಿ ಹೆಸರು ಇಡಬಹುದಾ?' ಇಡಬಹುದು. ಯಾವ ಅರ್ಜಿಯಲ್ಲೂ ಅದಕ್ಕೆ ಅಡ್ಡಿ ಇಲ್ಲ. ನಡುವೆ ಗಂಡಸರ ಹೆಸರೇ ಇರಬೇಕು ಅಂತ ಯಾವ ಕಾನೂನೂ ಹೇಳಿಲ್ಲ. ನನ್ನನ್ನು ಕೇಳಿದರೆ ಹೆಣ್ಣು ಮಗುವೇ ಆಗಬೇಕು ಅಂತಲೂ ಇಲ್ಲ, ಗಂಡು ಮಗುವಿಗೂ ಅಜ್ಜಿಯ ಹೆಸರು ಇಡಬಹುದು. ಜಾನಕಿಯ ಮಗ ಮಣಿ ಅದನ್ನು ಆ ಕಾಲಕ್ಕೇ ಕೇಳಿ ಬರೆಸಿಕೊಂಡಿದ್ದನಲ್ಲ. ನಮ್ಮ ಅಮ್ಮನ ಹೆಸರು ಗೌರಮ್ಮ. ಅದಕ್ಕಿಂತ ಮೊದಲು ಯಾವ ಹೊಸ ಹೆಸರು ಕೂರುತ್ತದೆ ಅಂತ ತಮ್ಮನ ಹೆಂಡತಿಯೂ ನಾನೂ ಈಗಲೇ ಕೂಗಿ ನೋಡುತ್ತಿದ್ದೇವೆ.